ಅಳಿವೆಯಲ್ಲಿ ಮಿಂದವಳು

“ಗುರುಗಳೇ, ನಮ್ಮ ಸಭೆ ಒಡೆದಿದೆ. ಅರ್ಧ ಜನ ನಿಮ್ಮ ಕಡೆ, ಅರ್ಧ ಜನ ಹಿರಿಯ ಅಪ್ಫಿಯಾನರ ಕಡೆ. ನನ್ನ ಅಣ್ಣ ಅತ್ತ ಸೇರಿಕೊಂಡು ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಕ್ರಿಸ್ತನನ್ನು ನಂಬಿದ ನಾನು ಈಗ ಯಾರ ಕಡೆ ಇರಲಿ?” ಎಂದು ಜೋಸಿಮ ಕೇಳಿದ.

ಗುರುಗಳು ನಕ್ಕರು. “ಬಂತಪ್ಪ, ನಿನಗೂ ಈ ರೋಗ ಬಂತು! ಕೂತುಕೋ. ಒಂದು ಕತೆ ಹೇಳುತ್ತೇನೆ. ಕನಸಿನಲ್ಲಿ ಕಂಡದ್ದೋ, ಯಾರೋ ಹೇಳಿದ್ದೋ, ಈಗ ನನಗೇ ನೆನಪಿಲ್ಲ.

“ಒಂದು ರೇವುಪಟ್ಟಣದಲ್ಲಿ ನಮ್ಮಂಥ ಒಂದಿಷ್ಟು ಜನರಿದ್ದರು. ಕೆಲವರಿಗೆ ಒಬ್ಬ ಬೋಧಕ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿದ್ದ. ಉಳಿದವರಿಗೆ ಇನ್ನೊಬ್ಬ ಕಡಲಲ್ಲಿ ಮಾಡಿಸಿದ್ದ. ಇಬ್ಬರೂ ಊರು ಬಿಟ್ಟು ಹೋದರು. ಆಮೇಲೆ ಶುರುವಾಯಿತು ನೋಡು! ವಾರದ ಸಹಭೋಜನಕ್ಕೆ ಒಂದೇ ಮನೆಯಲ್ಲಿ ಎರಡು ಪಂಕ್ತಿ. ತನ್ನನ್ನು ನೀರಿನಲ್ಲಿ ಮುಳುಗಿಸಿದವನ ಹೆಸರು ಹೇಳಿದರೆ ಮಾತ್ರ ರೊಟ್ಟಿ.

“ಒಂದು ಸಂಜೆ ಒಬ್ಬ ದಾಸಿ ತಡವಾಗಿ ಬಂದಳು. ಹಗಲೆಲ್ಲ ಒಡೆಯನ ಮನೆಯಲ್ಲಿ ಬೀಸುವ ಕೆಲಸ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ ಪಾಪ. ಬಾಗಿಲಲ್ಲೇ ಅವಳನ್ನು ತಡೆದು, ‘ನಿನಗೆ ಸ್ನಾನ ಮಾಡಿಸಿದವರು ಯಾರಮ್ಮ?’ ಎಂದು ಕೇಳಿದರು.

“‘ನಾನು ಕಣ್ಣು ಮುಚ್ಚಿಕೊಂಡಿದ್ದೆನಪ್ಪ’ ಎಂದಳು ಅವಳು. ‘ಹೊಳೆ ಹೋಗಿ ಕಡಲು ಸೇರುವ ಅಳಿವೆ ಇದೆಯಲ್ಲ, ಅಲ್ಲಿ. ಒಂದು ಕೈ ಮುಳುಗಿಸಿತು, ಒಂದು ಕೈ ಎತ್ತಿತು. ಯಾರದೋ ಏನೋ. ತುಂಬ ಹಿತವಾಗಿತ್ತು.’

“ಅಷ್ಟು ಸಾಕಾಯಿತು. ಅಳಿವೆಯ ನೀರು ಹೊಳೆಯದೋ ಕಡಲದೋ ಎಂದು ವಾದ ಹತ್ತಿಕೊಂಡಿತು. ‘ಇವಳು ನಮ್ಮವಳು’ ಎಂದರು ಇವರು. ‘ನಮ್ಮವಳು’ ಎಂದರು ಅವರು. ಪ್ರೀತಿಯಿಂದಲೇ ಅಂದರು, ಅದೇ ಸಂಕಟ. ಕಡಲ ಮಂಜು ಒಳಗೆ ಬಂದು ದೀಪಗಳು ಮಸುಕಾದವು. ಬಾಗಿಲಿಗೆ ಒರಗಿ ನಿಂತವಳಿಗೆ ಕಣ್ಣು ಎಳೆಯುತ್ತಿತ್ತು. ಅವರ ಮಾತು ನೀರಿನಡಿಯಲ್ಲಿ ಕೇಳಿದ ಹಾಗೆ ಕೇಳುತ್ತಿತ್ತು. ರೊಟ್ಟಿಯ ವಾಸನೆ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ಕೊನೆಗೆ ಎರಡೂ ಕಡೆಯ ಹಿರಿಯರು ಕೂಡಿ ಒಂದು ತೀರ್ಮಾನಕ್ಕೆ ಬಂದರು.”

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಜೋಸಿಮನಿಗೆ ತಡೆಯಲಾಗಲಿಲ್ಲ. “ಏನೆಂದು ತೀರ್ಮಾನಿಸಿದರು ಗುರುಗಳೇ? ಅವಳು ಯಾವ ಪಂಕ್ತಿಯವಳಾದಳು?”

“ಅವಳು ಉಂಡಳೇ ಎಂದು ನೀನೂ ಕೇಳಲಿಲ್ಲವಲ್ಲ, ಮಗು” ಎಂದರು ಗುರುಗಳು.