ಕಿವಿಗೊಟ್ಟ ಅಡಾಪ್ಟರ್

ಆಸ್ಪತ್ರೆಯೊಂದು ತನ್ನ ವೈಫೈ ಭದ್ರವಾಗಿದೆಯೇ ಎಂದು ಪರೀಕ್ಷಿಸಲು ತಬಸ್ಸುಮ್‌ಳನ್ನು ಕರೆಸಿತು. ಅವಳ ಚೀಲದಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ವೈಫೈ ಹಿಡಿಯುವ ಎರಡು ಅಡಾಪ್ಟರ್‌ಗಳಿದ್ದವು. ಹೊಸದು ಉಗುರಿನಷ್ಟು ಚಿಕ್ಕದು, ಬಲು ಚುರುಕು. ಹಳೆಯದಕ್ಕೆ ಉದ್ದನೆಯ ಆಂಟೆನಾ, ನಿಧಾನದ ನಡೆ.

"ನೀವೇಕೆ ಬಂದಿರಿ ಅಜ್ಜಾ? ನಾನೊಬ್ಬನೇ ಸಾಕಿತ್ತು," ಎಂದಿತು ಹೊಸದು. ಹಳೆಯದು ಮುದುಡಿಕೊಂಡಿತು.

ತಬಸ್ಸುಮ್ ಮೊದಲು ಹೊಸದನ್ನೇ ಲಿನಕ್ಸ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. "ಸುತ್ತಲಿನ ವೈಫೈಗಳ ಮಾತನ್ನೆಲ್ಲ ಸುಮ್ಮನೆ ಕೇಳಿಸಿಕೊಳ್ಳಬಲ್ಲೆಯಾ?" ಎಂದಿತು ಲ್ಯಾಪ್‌ಟಾಪ್.

"ನನಗೆ ಹೇಳಿದ್ದಷ್ಟೇ ಕೇಳುತ್ತೇನೆ. ಉಳಿದದ್ದು ನನಗೇಕೆ?"

ಹಳೆಯದರ ಸರದಿ ಬಂತು. ಅದು ಅಳುಕುತ್ತಲೇ ಆಂಟೆನಾ ನಿಮಿರಿಸಿ ಕಿವಿಗೊಟ್ಟಿತು. ತುಸು ಹೊತ್ತಿನಲ್ಲೇ ಹೇಳಿತು: "ಆಸ್ಪತ್ರೆಯ ಹೆಸರಿನಲ್ಲಿ ಇನ್ನೊಬ್ಬ ಮಾತಾಡುತ್ತಿದ್ದಾನೆ. ರೋಗಿಗಳ ಗುಟ್ಟೆಲ್ಲ ಅವನ ಪಾಲಾಗುತ್ತಿದೆ. ದನಿ ಔಷಧಿ ಅಂಗಡಿಯ ಕಡೆಯಿಂದ ಬರುತ್ತಿದೆ."

ತಬಸ್ಸುಮ್ ಅತ್ತ ಧಾವಿಸಿದಳು. ಅಲ್ಲಿನ ಬೆಂಚಿನ ಅಡಿಗೆ ಅಂಟಿಸಿದ್ದ, ಆಸ್ಪತ್ರೆಯ ವೈಫೈ ಹೆಸರನ್ನೇ ಇಟ್ಟುಕೊಂಡ ಕಳ್ಳ ರೂಟರ್ ಸಿಕ್ಕಿಬಿತ್ತು.

ಹೊಸದು ಮೆಲುದನಿಯಲ್ಲಿ, "ಅಜ್ಜಾ, ನನಗೂ ಹಾಗೆ ಕೇಳಲು ಬಂದೀತೇ?" ಎಂದಿತು.

"ನಿನ್ನಂಥವರಿಗೂ ಹೀಗೆ ಕೇಳಲು ಕಲಿಸುವ ಹೊಸ ಡ್ರೈವರ್ ತಂತ್ರಾಂಶ ಬರೆಯುತ್ತಿದ್ದಾರಂತೆ ಮಗಾ," ಎಂದಿತು ಹಳೆಯದು. "ಇವತ್ತು ನನ್ನನ್ನು ಕೇಳಿದೆಯಲ್ಲ, ಉಳಿದದ್ದೂ ಬಂದೇ ಬರುತ್ತದೆ."