ಅಣ್ಣ-ತಂಗಿಯ ಸುರಂಗ

ಶಿಷ್ಯ ಕರಿಬಸವ ಕೇಳಿದ: "ಬುದ್ಧಿ, ನನ್ನ ತಮ್ಮನ್ನ ನಾನು ಬೇರೆ ಅಂತ ಒಂದು ದಿನಾನೂ ನೋಡ್ಲಿಲ್ಲ. ನಾನು ಉಂಡಿದ್ದನ್ನೇ ಉಣಿಸ್ದೆ, ನಾನು ಉಟ್ಟಿದ್ದನ್ನೇ ಉಡಿಸ್ದೆ. ನಾನೂ ಅವನೂ ಒಂದೇ ಅಂದ್ಕೊಂಡೆ. ಆದ್ರೂ ಅವನು ನನ್ನ ಹತ್ರ ಮಾತು ಬಿಟ್ಟ. ಯಾಕೆ?"

ಗುರುಗಳು ಬಾಯಲ್ಲಿದ್ದ ಲವಂಗವನ್ನ ಒಂದು ದವಡೆಯಿಂದ ಇನ್ನೊಂದು ದವಡೆಗೆ ದಾಟಿಸಿದರು. ಆಮೇಲೆ ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಗುಂಡಿ, ದಾರ, ಸೂಜಿ ಮಾರೋನು. ಅನುಮಾನ ಅಂದ್ರೆ ಅವನದೇ ಅನುಮಾನ. ಬಿಸಿಲಿಗೆ ಹಿಡಿಯೋ ಕೊಡೆಗೂ ಬೀಗ ಹಾಕ್ತಿದ್ದ. ಮಳೆ ಬಂದ್ರೆ ಬೀಗ ತೆಗೆಯೋ ಹೊತ್ತಿಗೆ ಪೂರ್ತಿ ನೆಂದಿರ್ತಿದ್ದ. ಫೋನಲ್ಲಿ ಮಾತಾಡಿದ್ರೆ ಯಾರೋ ಕೇಳಿಸ್ಕೊಳ್ತಾರೆ, ಕಂಪ್ಯೂಟರಲ್ಲಿ ಬರೆದ್ರೆ ಯಾರೋ ಓದ್ತಾರೆ ಅಂತ ಅವನಿಗೆ ಒಂದೇ ಭಯ.

ಅದಕ್ಕೆ ಅವನು ಮನೇಲಿ ತನ್ನದೇ ಒಂದು ವಿಪಿಎನ್ ಸರ್ವರ್ ಇಟ್ಟ. ಅಂದ್ರೆ ಲೋಕದ ತಂತಿಯೊಳಗೇ ತನಗೆ ಅಂತ ತೋಡಿಕೊಂಡ ಒಂದು ಸುರಂಗ. ಕೀಲಿ ಇದ್ದೋರು ಒಳಗೆ ಬರಬಹುದು. ಇಲ್ಲದೋರು ಎಷ್ಟು ತಟ್ಟಿದ್ರೂ ಅದು "ಯಾರು" ಅಂತ ಸಹ ಕೇಳಲ್ಲ. ಅಲ್ಲೊಂದು ಬಾಗಿಲಿದೆ ಅನ್ನೋದೇ ಅವರಿಗೆ ಗೊತ್ತಾಗಲ್ಲ. ಅಕ್ಕಿ ಡಬ್ಬದ ಪಕ್ಕ ಒಂದು ಸಣ್ಣ ಪೆಟ್ಟಿಗೆ, ಅಷ್ಟೇ ಆ ಸರ್ವರ್ರು. ಆದ್ರೆ ಎಂಥಾ ಬಿಸಿ ಅಂತೀಯ! ಅದರ ಮೇಲೆ ಹಪ್ಪಳ ಸುಟ್ಕೊಂಡು ತಿಂತಿದ್ದ.

"ಹಪ್ಪಳಾನಾ ಬುದ್ಧಿ?"

"ನಾನೇ ತಿಂದಿದ್ದೀನಿ. ಉದ್ದಿನ ಹಪ್ಪಳ. ಸುಮ್ನೆ ಕೇಳು."

ಕಂಪ್ಯೂಟರಿಗೆ ಒಂದು ಕೀಲಿ ಮಾಡ್ದ, ತನ್ನ ಫೋನಿಗೆ ಒಂದು ಕೀಲಿ ಮಾಡ್ದ. ಸುರಂಗದೊಳಗೆ ಕೂತು ಮಾತಾಡೋಕೆ ಒಂದು ಕೋಣೇನೂ ಮಾಡ್ದ. ಎಲ್ಲಾ ಆದ್ಮೇಲೆ ಒಳಗೆ ಹೋಗಿ ಕೂತ. ಪರದೆ ಮೇಲೆ "ಒಳಗಿರುವವರು: ಒಬ್ಬರು" ಅಂತ ಬಂತು. ಅದನ್ನ ನೋಡ್ತಾ ನೋಡ್ತಾ ಅವನಿಗೆ ಒಂದು ಯೋಚನೆ ಬಂತು. ಇಷ್ಟೆಲ್ಲಾ ಭದ್ರ ಮಾಡಿ ಮಾತಾಡೋದು ಯಾರ ಹತ್ರ?

ಅವನಿಗೆ ಇದ್ದೋಳು ಒಬ್ಬಳೇ ತಂಗಿ, ದೂರದ ಊರಲ್ಲಿ. ತಾಯಿ ತೀರಿಕೊಂಡ ಮೇಲೆ ಅವನನ್ನ ಅಣ್ಣ ಅಂತ ಕರೆಯೋ ಬಾಯಿ ಅದೊಂದೇ. ಬಸ್ ಹತ್ತಿ ಅವಳ ಮನೆಗೆ ಹೋದ. ಅವಳ ಫೋನಿಗೆ ಹೊಸ ಕೀಲಿ ಮಾಡ್ಬೇಕಿತ್ತು. ಮಾಡೋಕೆ ಹೋಗಿ ಕೈ ತಡೆದ. 'ಇವಳೇನು ಬೇರೆಯೋಳಾ? ನನ್ನ ಕೀಲೀನೇ ಇವಳದ್ದು' ಅಂದ್ಕೊಂಡು ತನ್ನ ಫೋನಿನ ಕೀಲಿಯನ್ನೇ ಅವಳ ಫೋನಿಗೂ ಇಳಿಸ್ದ. ಆಮೇಲೆ ತನ್ನ ಫೋನು ಆರಿಸಿ ಚೀಲಕ್ಕೆ ಹಾಕ್ದ. ಅವಳ ಫೋನಿಂದ ಒಳಗೆ ಹೋಗಿ ನೋಡ್ದ, ಸಲೀಸಾಗಿ ತೆರ್‌ಕೊಳ್ತು. ಬಸ್ಸಿಗೆ ಹೊತ್ತಾಯ್ತು ಅಂತ ಎದ್ದ.

"ದಿನಾ ದೀಪ ಹಚ್ಚಿದ ಮೇಲೆ ಅಲ್ಲಿಗೇ ಬಾ. ಹೊರಗಿನ ಫೋನಲ್ಲಿ ಮಾತ್ರ ಕರೀಬೇಡ, ಆಣೆ" ಅಂದ.

"ಹೂಂ ಅಣ್ಣ" ಅಂದಳು.

ಮಾರನೇ ದಿನ ದೀಪ ಹಚ್ಚಿದ, ಫೋನಿಂದ ಒಳಗೆ ಹೋದ, ಕಾದ. ಒಳಗಿರುವವರು ಒಬ್ಬರು. ನಡುವೆ ಒಂದ್ಸಲ ಪರದೆ ಸ್ತಬ್ಧವಾಯ್ತು. ಹೊರಗೆ ಬಂದು ಮತ್ತೆ ಹೋದ. ಆಗಲೂ ಒಬ್ಬರೇ. ಹೋಗ್ತಿದ್ದಂಗೆ "ಅಣ್" ಅಂತ ಅರ್ಧ ಮಾತು ಕೇಳಿಸ್ದಂಗಾಯ್ತು. ಅಷ್ಟೇ, ಆಮೇಲೆ ಏನೂ ಇಲ್ಲ.

ಅದರ ಮಾರನೇ ದಿನವೂ ಹಂಗೇ. 'ಬಂದು, ನಾನಿರೋದು ನೋಡಿ, ಮಾತು ನುಂಗ್ಕೊಂಡು ಹೋಗ್ತಾಳೆ' ಅಂದ್ಕೊಂಡ. ಒಂದು ಸಲ ಹೊರಗಿನ ಫೋನಲ್ಲಿ ಕರೆದು ಕೇಳಬಹುದಿತ್ತು. ಆಣೆ ಹಾಕಿದೋನು ತಾನೇ, ಮುರಿಯೋದು ಹೆಂಗೆ? 'ಬೇಕಾದ್ರೆ ಅವಳೇ ಬರ್ಲಿ' ಅಂತ ಕೂತ. ಅವನ ಕೊರಗಿಗೆ ಅಂಗಡಿ ದಾರದುಂಡೆಗಳೆಲ್ಲಾ ತಾವೇ ಗಂಟು ಬಿದ್ವು. ಮೂರು ಬೀದಿಯ ದರ್ಜಿಗಳು ನನ್ನ ಹತ್ರ ಬಂದು ಅತ್ತಿದ್ದಾರೆ. ಹಬ್ಬ ಬಂತು, ಹಬ್ಬ ಹೋಯ್ತು. ಅವನು ದಿನಾ ದೀಪ ಹಚ್ಚಿ ಸುರಂಗದೊಳಗೆ ಒಬ್ಬನೇ ಕೂರ್ತಿದ್ದ, ಒಬ್ಬನೇ ಎದ್ದು ಬರ್ತಿದ್ದ. ಬರ್ತಾ ಬರ್ತಾ ಆ ಅರ್ಧ ಮಾತೂ ಕೇಳಿಸೋದು ನಿಂತುಹೋಯ್ತು.

ಕೊನೆಗೆ ಸಿಟ್ಟಲ್ಲಿ ಬಸ್ ಹತ್ತಿದ. ತಂಗಿ ಮನೆ ಬಾಗಿಲಲ್ಲೇ ನಿಂತು, "ನನ್ನ ಕೀಲಿ ವಾಪಸ್ ಕೊಡು" ಅಂದ.

"ನಾನೇ ಕೊಡೋಣ ಅಂತಿದ್ದೆ" ಅಂದಳು ಅವಳು. "ಖಾಲಿ ಮನೆ ಕೀಲಿ ಕಟ್ಕೊಂಡು ನಾನೇನು ಮಾಡ್ಲಿ? ದಿನಾ ಬಂದೆ. ಅಣ್ಣ ಅಂತ ಬಾಯಿ ತೆಗೆದ್ರೆ ಹೊರಗೆ ದಬ್ತಿತ್ತು. ನೀನೇ ದಬ್ತಿದ್ದೀಯ ಅಂತ ಬರೋದು ಬಿಟ್ಟೆ."

"ಸುಳ್ಳು! ಈಗ ತೋರ್ಸು."

ಜಗಲಿ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಫೋನ್ ತೆಗೆದ್ರು. ಅವಳು ಒಳಗೆ ಹೋದಳು. ಒಬ್ಬರು ಅಂತ ಬಂತು. ಅವನು ಒಳಗೆ ಹೋದ. ಆಗಲೂ ಒಬ್ಬರು ಅಂತಲೇ ಬಂತು, ಅವಳ ಪರದೆ ಸ್ತಬ್ಧವಾಯ್ತು. ಅವಳು ಮತ್ತೆ ಹೋದಳು, ಅವನದು ನಿಂತಿತು. ಆಗ ಅವನಿಗೆ ಅರ್ಥವಾಯ್ತು. ಆ ಪೆಟ್ಟಿಗೆಗೆ ಮುಖ ಕಾಣಲ್ಲ, ಕೀಲಿ ಮಾತ್ರ ಕಾಣುತ್ತೆ. ಒಂದು ಕೀಲಿ ಅಂದ್ರೆ ಅದರ ಲೆಕ್ಕಕ್ಕೆ ಒಬ್ಬನೇ ಮನುಷ್ಯ. ಅದೇ ಕೀಲಿ ಹಿಡಿದು ಇನ್ನೊಬ್ಬರು ಬಂದ್ರೆ, ಮೊದಲಿದ್ದೋರ ದಾರಿ ಮುಚ್ಚುತ್ತೆ. ಇಷ್ಟು ದಿನ ತಂಗಿಯನ್ನ ದಬ್ತಿದ್ದೋನು ತಾನೇ, ತನ್ನನ್ನ ದಬ್ತಿದ್ದೋಳು ಅವಳೇ.

ಅವನು ಹೊಸ ಕೀಲಿ ಮಾಡೋಕೆ ಕೂತ. 'ಈ ಕೀಲಿ ಯಾರದ್ದು?' ಅಂತ ಫೋನು ಕೇಳ್ತು. ಅಭ್ಯಾಸ ಬಲ ನೋಡು, ಅವನ ಬೆರಳು ತನ್ನ ಹೆಸರನ್ನೇ ಬರೆಯೋಕೆ ಹೋಯ್ತು.

"ಅಣ್ಣ, ಇತ್ತ ಕೊಡು" ಅಂತ ತಂಗಿ ಫೋನ್ ಇಸ್ಕೊಂಡು ತನ್ನ ಹೆಸರನ್ನ ತಾನೇ ಬರೆದಳು.

ಅವತ್ತು ಮೊದಲನೇ ಸಲ ಪರದೆ ಮೇಲೆ "ಒಳಗಿರುವವರು: ಇಬ್ಬರು" ಅಂತ ಬಂತು. ಆದ್ರೆ ಅಷ್ಟು ಹೊತ್ತಿಗೆ ಆ ಕೋಣೇಲಿ ಸುಮ್ನೆ ಕೂರೋದೇ ಇಬ್ಬರಿಗೂ ರೂಢಿಯಾಗಿಹೋಗಿತ್ತು.

ಗುರುಗಳು ಲವಂಗ ಉಗಿದರು.

ಕರಿಬಸವ ನಕ್ಕ. "ಎಂಥಾ ಪೆದ್ದ ಅವನು, ಬುದ್ಧಿ! ಇಷ್ಟು ಸಣ್ಣದು ಹೊಳೀಲಿಲ್ವಾ? ನಾನಾಗಿದ್ರೆ ಮೊದಲನೇ ದಿನವೇ ಕಂಡುಹಿಡಿದುಬಿಡ್ತಿದ್ದೆ."

"ಹಿಡೀತಿದ್ದೆ, ಹಿಡೀತಿದ್ದೆ" ಅಂದರು ಗುರುಗಳು. "ಅದಿರಲಿ ಕರಿಬಸವಾ, ನಿನ್ನ ತಮ್ಮನಿಗೆ ಯಾವ ಪಲ್ಯ ಇಷ್ಟ?"