ಹಲ್ಲಿಯ ಸಾಕ್ಷಿ

ಊರ ಗ್ರಂಥಾಲಯದಲ್ಲಿ ಪಾಠದ ವಿಡಿಯೋಗಳನ್ನು ಯಾರು ಬೇಕಾದರೂ ನೋಡಬಹುದಿತ್ತು. ಇತಿಹಾಸವೋ ಸಾಹಿತ್ಯವೋ, ಪರದೆಯ ಮೇಲಿದ್ದ ಹಲ್ಲಿ ಹುಳ ಹಿಡಿಯುತ್ತ ನಡುನಡುವೆ ಲೊಚಗುಟ್ಟುತ್ತಿತ್ತು. "ಹಲ್ಲಿ ಲೊಚಗುಟ್ಟಿತು, ಮಾತು ನಿಜ" ಎಂದು ಕೆಳಗೆ ಕೂತ ಇಲಿಗಳು ತಲೆದೂಗಿದಾಗ ಅದಕ್ಕೆ ಎಲ್ಲಿಲ್ಲದ ಹೆಮ್ಮೆ.

ಒಂದು ದಿನ ವೈದ್ಯಕೀಯದ ಪಾಠ. "ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಿ ಅನ್ನುತ್ತಾರೆ ಜನ," ಎಂದರು ವಿಡಿಯೋದ ಡಾಕ್ಟರಮ್ಮ. ಹಲ್ಲಿ ಲೊಚಗುಟ್ಟಿತು. ತನ್ನ ಮರಿ ಬಾಲ ಸುಟ್ಟುಕೊಂಡಿದ್ದರಿಂದ ಒಂದು ತಾಯಿ ಇಲಿ ತಟ್ಟನೆ ಎದ್ದು ಮನೆಗೆ ಓಡಿತು. "ಹಾಗೆ ಮಾಡಲೇಬೇಡಿ, ತಣ್ಣೀರು ಹರಿಸಿ," ಎಂದು ಪಾಠ ಮುಂದುವರಿಯಿತು.

ಕೆಲವು ದಿನ ಬಿಟ್ಟು ಇಲಿ ಬಂತು. "ಮರಿಯ ಗಾಯ ಕೀವು ಕಟ್ಟಿದೆ. ಪೂರ್ತಿ ಕೇಳದೆ ಯಾಕೆ ಲೊಚಗುಟ್ಟಿದೆ?"

"ಪೂರ್ತಿ ಕೇಳದೆ ನೀನ್ಯಾಕೆ ಓಡಿದೆ?" ಎಂದು ಹಲ್ಲಿ ಹರಿಹಾಯ್ದಿತು.

ಈಗ ಹಲ್ಲಿ ಪಾಠ ಮುಗಿದ ಮೇಲೆಯೇ ಲೊಚಗುಟ್ಟುತ್ತದೆ. ಅಷ್ಟು ಹೊತ್ತು ಕಾಯದೆ ಬೇರೆ ಇಲಿಗಳು ಎದ್ದುಹೋಗಿರುತ್ತವೆ; ಕೆಳಗೆ ಉಳಿದಿರುವುದು ಆ ತಾಯಿ ಇಲಿ ಒಂದೇ.